ನೋಡೋಣ ಸಾಹೇಬರ ಒಂದು ಹೌದು

ನಮ್ಮ ಕಂಪನಿಯಲ್ಲಿ ಯಾರೂ ಯಾರಿಗೂ "ಇಲ್ಲ" ಎನ್ನುವುದಿಲ್ಲ. ಕೇಳಿದವರಿಗೆ ಎಷ್ಟು ಒಳ್ಳೆಯ ಜನ ಅನ್ನಿಸಬಹುದು. ಸ್ವಲ್ಪ ತಡೆಯಿರಿ, ಇಲ್ಲಿ ಯಾರೂ "ಹೌದು" ಎಂದೂ ಅನ್ನುವುದಿಲ್ಲ. ಎರಡರ ನಡುವೆ ಒಂದು ದೊಡ್ಡ ಬಯಲಿದೆ. ನಾವೆಲ್ಲ ಅಲ್ಲಿ ಕುರ್ಚಿ ಹಾಕಿಕೊಂಡು ಮೇಲ್ ಬರೆಯುತ್ತಾ ಕೂತಿರುತ್ತೇವೆ.

ನಾವು ಮಾಡುವುದು ಬಸ್ಸಿನ ಸೀಟು ಕಾಯ್ದಿರಿಸುವ ಸಾಫ್ಟ್‌ವೇರ್. ಅದರ ಸಹಾಯ ಪುಟಗಳನ್ನು ಬರೆಯುವವಳು ನಾನು. ಟಿಕೆಟ್ ರದ್ದು ಮಾಡುವುದು ಹೇಗೆ, ಕಿಟಕಿ ಪಕ್ಕದ ಸೀಟು ಹಿಡಿಯುವುದು ಹೇಗೆ ಎಂದು ಬಿಡಿಸಿ ಬಿಡಿಸಿ ಬರೆದಿಡುತ್ತೇನೆ. ಅದನ್ನು ಒಬ್ಬರೂ ಓದುವುದಿಲ್ಲ, ನೇರ ಫೋನ್ ಮಾಡಿ ಬೈಯುತ್ತಾರೆ. ಹಾಗಿದ್ದರೂ ವಾಕ್ಯ ಜೋಡಿಸಲು ಬರುತ್ತದೆ ಎಂಬ ಒಂದೇ ತಪ್ಪಿಗೆ ಇಡೀ ಮಹಡಿಯ ಕಷ್ಟದ ಮೇಲ್‌ಗಳೆಲ್ಲ ನನ್ನ ಮೇಜಿಗೆ ಬರುತ್ತವೆ. ಎಲ್ಲರಿಗೂ ನಾನು ಅಕ್ಕ. ನನಗಿಂತ ವಯಸ್ಸಾದವರಿಗೂ ಅಕ್ಕನೇ. ಕೆಲಸ ಆಗಬೇಕಾದಾಗ ಜನಕ್ಕೆ ವಯಸ್ಸು ಕಾಣಿಸುವುದಿಲ್ಲ.

ನನ್ನದೊಂದು ಪದ್ಧತಿ ಇದೆ. ಬಂದವರನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ, "ಮೊದಲು ಬಾಯಲ್ಲಿ ಹೇಳು. ನಿನಗೆ ನಿಜವಾಗಿ ಏನು ಹೇಳಬೇಕಾಗಿದೆ?" ಎನ್ನುತ್ತೇನೆ. ಅವರು ಆಚೀಚೆ ನೋಡಿ, ದನಿ ತಗ್ಗಿಸಿ, "ಆ ಮನುಷ್ಯ ಎರಡು ವಾರದಿಂದ ನನ್ನ ಕೆಲಸ ತಡೆದು ಕೂತಿದಾನೆ ಅಕ್ಕ, ಕತ್ತು ಹಿಸುಕೋಣ ಅನ್ಸುತ್ತೆ" ಎನ್ನುತ್ತಾರೆ. ನಾನು ಬರೆಯುತ್ತೇನೆ: "ತಮ್ಮ ಬಿಡುವಿಲ್ಲದ ಕೆಲಸಗಳ ನಡುವೆ ಈ ವಿಷಯವನ್ನು ಮತ್ತೊಮ್ಮೆ ತಮ್ಮ ಗಮನಕ್ಕೆ ತರಬಯಸುತ್ತೇನೆ." ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಂಬಳ ಸಹಾಯ ಪುಟಕ್ಕೆ, ದುಡಿಮೆ ಇದಕ್ಕೆ.

ಮನೆಯಲ್ಲಿ ನಮ್ಮವರು ಊಟಕ್ಕೆ ಕೂತು "ಉಪ್ಪು ಕಮ್ಮಿ" ಎಂದರೆ ನಾನು ಉಪ್ಪಿನ ಡಬ್ಬಿ ತಳ್ಳುತ್ತೇನೆ, ಅಲ್ಲಿಗೆ ಮುಗಿಯಿತು. ಇದೇ ಮಾತು ನಮ್ಮ ಆಫೀಸಿನಲ್ಲಾದರೆ ಉಪ್ಪಿನ ಬಗ್ಗೆ ಎಲ್ಲರ ಅಭಿಪ್ರಾಯ ಕೇಳಿ ಮೇಲ್ ಹೋಗುತ್ತದೆ, ಅಡುಗೆ ಆರುತ್ತದೆ, ಹಸಿದವನು ರಾಜೀನಾಮೆ ಕೊಟ್ಟಿರುತ್ತಾನೆ.

ಈ ವಿದ್ಯೆಯಲ್ಲಿ ನಮ್ಮ ಮಹಡಿಯ ಮ್ಯಾನೇಜರನ್ನು ಮೀರಿಸಿದವರಿಲ್ಲ. ಅವರ ಬೆನ್ನ ಹಿಂದೆ ಎಲ್ಲರೂ ಅವರನ್ನು ನೋಡೋಣ ಸಾಹೇಬರು ಎನ್ನುತ್ತಾರೆ. ರಜೆ ಕೇಳಿ, ಹೊಸ ಕುರ್ಚಿ ಕೇಳಿ, ಕಿಟಕಿ ತೆಗೆಯಲೇ ಎಂದು ಕೇಳಿ, "ನೋಡೋಣ" ಎನ್ನುತ್ತಾರೆ. ಮನುಷ್ಯ ಕೆಟ್ಟವರಲ್ಲ. ಯಾರನ್ನೂ ಬೈದವರಲ್ಲ, ಇನ್ನೊಬ್ಬರ ಕೆಲಸವನ್ನು ತಮ್ಮದೆಂದು ಹೇಳಿಕೊಂಡವರಲ್ಲ. ಆದರೆ ಅವರ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆ ದೀಪಕ್ಕೆ ಎಣ್ಣೆ ಹಾಕುವವಳು ನಾನೇ ಎಂಬುದೂ ನಿಜ, ಅವರ ಮೇಲ್‌ಗಳನ್ನೂ ಬರೆದುಕೊಡುತ್ತಿದ್ದೆನಲ್ಲ.

ನನ್ನ ಎದುರು ಮೇಜಿನಲ್ಲಿ ಕೂರುವವಳು ನಮ್ಮ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಂನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಅವಳ ಗಂಡ ಇರುವುದು ಇನ್ನೊಂದು ಊರಿನಲ್ಲಿ, ನಾಲ್ಕು ವರ್ಷದ ಮಗಳು ಅಲ್ಲೇ ಅಪ್ಪ, ಅಜ್ಜಿಯರ ಹತ್ತಿರ. ಇವಳು ಶನಿವಾರ ಬೆಳಗ್ಗೆ ಹೋಗಿ ಭಾನುವಾರ ಸಂಜೆ ಬಸ್ಸು ಹತ್ತುವವಳು. ನಾವೇ ಮಾಡಿದ ಸಾಫ್ಟ್‌ವೇರಿನಲ್ಲಿ, ನಾವೇ ಮಾರಿದ ಸೀಟಿನಲ್ಲಿ, ಅಳುತ್ತಾ ಬರುತ್ತಿದ್ದಳು. ಆ ಊರಿನಲ್ಲೂ ನಮ್ಮ ಕಂಪನಿಯ ಒಂದು ಕಚೇರಿ ಇದೆ. ಅಲ್ಲಿ ಒಬ್ಬ ಟೆಸ್ಟರಿನ ಜಾಗ ಖಾಲಿ ಬಿದ್ದಿತ್ತು. ನೋಡೋಣ ಸಾಹೇಬರು ಇವಳನ್ನು ಬಿಟ್ಟುಕೊಟ್ಟರೆ ಸಾಕು, ಅಲ್ಲಿಯವರು ತೆಗೆದುಕೊಳ್ಳಲು ತಯಾರಿದ್ದರು.

ಅವಳು ಕೇಳಿಕೊಂಡು ಮೇಲ್ ಕಳಿಸಿದ್ದು ಬೇಸಿಗೆಯಲ್ಲಿ. ನಾನೇ ತಿದ್ದಿಕೊಟ್ಟಿದ್ದೆ. "ಅವಕಾಶವಾದಲ್ಲಿ", "ತಮಗೆ ಸೂಕ್ತವೆನಿಸಿದಲ್ಲಿ" ಎಂದು ಮೆತ್ತಗೆ ಹತ್ತಿ ತುಂಬಿಟ್ಟಿದ್ದೆ. ಸಾಹೇಬರು "ಪರಿಶೀಲಿಸೋಣ" ಎಂದು ಉತ್ತರಿಸಿ ಇನ್ನಿಬ್ಬರನ್ನು ಸೇರಿಸಿದರು. ಆ ಇಬ್ಬರು "ಒಳ್ಳೆಯ ವಿಚಾರ" ಎಂದು ಇನ್ನು ಮೂವರನ್ನು ಸೇರಿಸಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಮೇಲ್‌ಗೆ ಅರ್ಧ ಕಂಪನಿ ನಂಟಾಗಿತ್ತು, ಎಲ್ಲರೂ ಒಳ್ಳೆಯ ಮಾತೇ ಆಡಿದ್ದರು, ಕೆಲಸ ಮಾತ್ರ ಒಂದು ಅಂಗುಲ ಸರಿದಿರಲಿಲ್ಲ.

ಆ ಸೋಮವಾರ ಅವಳು ಬಂದು ಬ್ಯಾಗೂ ಇಳಿಸದೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು.

"ಅಕ್ಕ, ಒಂದು ಮೇಲ್ ಬರೀಬೇಕು. ಆ ಊರಿನ ಮ್ಯಾನೇಜರ್ ಶುಕ್ರವಾರದವರೆಗೆ ಕಾಯ್ತಾರಂತೆ. ಆಮೇಲೆ ಹೊರಗಿನವರನ್ನ ತಗೋತಾರಂತೆ."

"ಸರಿ. ಮೊದಲು ಬಾಯಲ್ಲಿ ಹೇಳು."

ಅವಳು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. "ನಿನ್ನೆ ಹೊರಡುವಾಗ ಮಗಳಿಗೆ ಹೇಳ್ದೆ, ಮುಂದಿನ ವಾರ ಬರ್ತೀನಿ ಪುಟ್ಟಿ, ನನ್ನ ಕಾಯ್ತಿರ್ತೀಯ ಅಲ್ವಾ ಅಂತ. ಅವಳು ತಲೆ ಎತ್ತದೆ ಬಣ್ಣ ಹಚ್ಕೊಂಡು ಕೂತಿದ್ಲು. 'ನೋಡೋಣ' ಅಂದ್ಲು."

ನನಗೆ ಒಂದು ಕ್ಷಣ ನಗು ಬಂತು. ಅವಳ ಮುಖ ನೋಡಿ ಆ ನಗು ಗಂಟಲಲ್ಲೇ ಸತ್ತಿತು.

"ನಾನೇ ಕಲಿಸಿದ್ದು ಅಕ್ಕ," ಎಂದಳು. "ಅಮ್ಮ ಯಾವಾಗ ಇಲ್ಲೇ ಇರ್ತೀಯಾ ಅಂತ ಪ್ರತಿ ವಾರ ಕೇಳ್ತಾಳೆ. ಸಾಹೇಬ್ರು ನನಗೆ ಏನಂತಾರೋ ನಾನು ಅವಳಿಗೆ ಅದನ್ನೇ ಹೇಳ್ತೀನಿ. ನೋಡೋಣ ಅಂದ್ರೆ ಇಲ್ಲ ಅಂತ ಅರ್ಥ, ಅದು ಅವಳಿಗೆ ಗೊತ್ತಾಗ್ಬಿಟ್ಟಿದೆ."

ನನಗೆ ಮೈ ಉರಿಯಿತು. ಸಾಹೇಬರ ಮೇಲೆ, ಮೇಲ್ ಮೇಲೆ, ನಾನು ತುಂಬಿಟ್ಟ ಹತ್ತಿಯ ಮೇಲೆ. ಕೀಲಿಮಣೆ ಎಳೆದುಕೊಂಡೆ. "ಈಗ ಹೇಳು. ಹೇಳಿದ್ದನ್ನ ಹೇಳಿದ ಹಾಗೇ ಬರೀತೀನಿ. ಒಂದು ಬೆಣ್ಣೆಯ ಮಾತೂ ಹಾಕಲ್ಲ."

ಅವಳು ಹೇಳಿದಳು, ನಾನು ಬರೆದೆ. "ನಿಮ್ಮ ಕಚೇರಿಯಲ್ಲಿ ಖಾಲಿ ಇರುವ ಜಾಗ ನನಗೆ ಬೇಕು. ನನ್ನ ಮಗಳು ಆ ಊರಿನಲ್ಲಿದ್ದಾಳೆ. ಇಲ್ಲಿನ ಕೆಲಸವನ್ನು ತಿಂಗಳ ಕೊನೆಗೆ ಒಪ್ಪಿಸಿ, ಮುಂದಿನ ತಿಂಗಳ ಮೊದಲ ದಿನ ಅಲ್ಲಿಗೆ ಬರುತ್ತೇನೆ." ಕೆಳಗೆ ಅವಳ ಹೆಸರು. ಮೇಲೆ ಮಾನ್ಯರೂ ಇಲ್ಲ, ಕೆಳಗೆ ವಿಧೇಯಳೂ ಇಲ್ಲ. ಸಾಹೇಬರಿಗೂ ಆ ಊರಿನ ಮ್ಯಾನೇಜರಿಗೂ ಒಟ್ಟಿಗೆ ಕಳಿಸಿದಳು.

ನಮ್ಮ ಮಹಡಿಯಲ್ಲಿ ಅಂಥ ಮೇಲ್ ಯಾರೂ ಕಂಡವರಲ್ಲ. ಸಾಹೇಬರು ಅದನ್ನು ತೆರೆದು, ಓದಿ, ಮುಚ್ಚಿ, ಮತ್ತೆ ತೆರೆದದ್ದು ಗಾಜಿನ ಗೋಡೆಯಾಚೆ ನನಗೆ ಕಾಣುತ್ತಿತ್ತು. ಆಮೇಲೆ ಎದ್ದು ನೀರು ಕುಡಿಯಲು ಹೋದರು. ಮಂಗಳವಾರ ಉತ್ತರವಿಲ್ಲ. ಬುಧವಾರ ಉತ್ತರವಿಲ್ಲ. ಕಾರಿಡಾರಿನಲ್ಲಿ ಅವಳು ಎದುರು ಬಂದರೆ ಸಾಹೇಬರು ಫೋನ್ ಕಿವಿಗಿಟ್ಟುಕೊಳ್ಳುತ್ತಿದ್ದರು, ಒಮ್ಮೆ ಅವಸರದಲ್ಲಿ ಫೋನಿನ ಬದಲು ಕನ್ನಡಕದ ಡಬ್ಬಿ ಇಟ್ಟುಕೊಂಡರು.

ಇಲ್ಲಿ ನಮ್ಮ ಕಂಪನಿಯ ಇನ್ನೊಂದು ಆಚಾರ ಹೇಳಬೇಕು. ನಮ್ಮಲ್ಲಿ ಕಂಪನಿ ಸಂಸ್ಕೃತಿ ಎಂಬುದಕ್ಕೇ ಒಂದು ವಿಭಾಗ ಇದೆ. ಸದಾ ನಗುವ ಒಬ್ಬ ಹೆಣ್ಣುಮಗಳು ಅದರ ಮುಖ್ಯಸ್ಥೆ. ಎಲ್ಲರೂ ಎಲ್ಲರನ್ನೂ ಮೆಚ್ಚಬೇಕು ಎಂಬುದು ಆಕೆಯ ಆಸೆ. ಆಸೆಯೇನೋ ಒಳ್ಳೆಯದೇ. ಆದರೆ ಮೆಚ್ಚುಗೆ ತಾನಾಗಿ ಬರುವವರೆಗೆ ಕಾಯುವಷ್ಟು ತಾಳ್ಮೆ ಆಕೆಗಿಲ್ಲ. ಮದುವೆ, ಮಗು, ಬಡ್ತಿ ಏನೇ ಆದರೂ ಇಡೀ ಕಂಪನಿಗೆ ಸುದ್ದಿಯ ಮೇಲ್ ಕಳಿಸಿ, ಅದಕ್ಕೆ ಯಾರು ಎಷ್ಟು ಅಭಿನಂದನೆ ಬರೆದರು ಎಂದು ಲಿಫ್ಟಿನ ಪಕ್ಕದ ದೊಡ್ಡ ಪರದೆಯಲ್ಲಿ ತೋರಿಸಲು ಶುರು ಮಾಡಿದಳು. ಅಂದಿನಿಂದ ಸುದ್ದಿ ಓದುವುದು ನಿಂತು ಅಭಿನಂದನೆ ಬರೆಯುವುದು ಉಳಿಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು.

ನೋಡೋಣ ಸಾಹೇಬರಿಗೆ ಅಷ್ಟು ಟೈಪ್ ಮಾಡಲು ಬೇಜಾರು. ಅವರು ಅದಕ್ಕೊಂದು ದಾರಿ ಮಾಡಿಕೊಂಡರು. "ಅಭಿನಂದನೆ" ಎಂಬ ಮೇಲ್ಬರಹ ಹೊತ್ತು ಯಾವ ಮೇಲ್ ಬಂದರೂ ಅವರ ಹೆಸರಿನಲ್ಲಿ ಉತ್ತರ ತಾನಾಗಿ ಎಲ್ಲರಿಗೂ ಹೋಗಬೇಕು. ಅದನ್ನು ಕಂಪ್ಯೂಟರಿನಲ್ಲಿ ಅಳವಡಿಸಿಕೊಟ್ಟವಳು ನಮ್ಮ ಟೆಸ್ಟರ್, ಮಾತು ಬರೆದುಕೊಟ್ಟವಳು ನಾನು. ಯಾವ ಸುದ್ದಿಗಾದರೂ ಹೊಂದಬೇಕಲ್ಲ ಎಂದು ಹೀಗೆ ಬರೆದಿದ್ದೆ: "ಹೃತ್ಪೂರ್ವಕ ಅಭಿನಂದನೆಗಳು. ಇದಕ್ಕೆ ನನ್ನ ಸಂಪೂರ್ಣ ಬೆಂಬಲವಿದೆ. ನನ್ನಿಂದ ಆಗಬೇಕಾದುದನ್ನು ಸಂತೋಷದಿಂದ ಮಾಡಿಕೊಡುತ್ತೇನೆ." ಪರದೆಯಲ್ಲಿ ತಿಂಗಳು ತಿಂಗಳೂ ಸಾಹೇಬರೇ ಮೊದಲು.

ಗುರುವಾರ ಮಧ್ಯಾಹ್ನ, ಊಟ ಮುಗಿಸಿ ಎಲ್ಲರಿಗೂ ತೂಕಡಿಕೆ ಹತ್ತುವ ಹೊತ್ತಿಗೆ, ಆ ಊರಿನ ಮ್ಯಾನೇಜರಿಂದ ಇಡೀ ಕಂಪನಿಗೆ ಒಂದು ಮೇಲ್ ಬಂತು. "ಅಭಿನಂದನೆ: ಮುಂದಿನ ತಿಂಗಳಿಂದ ನಮ್ಮ ತಂಡ ಸೇರುತ್ತಿರುವ ಹೊಸ ಟೆಸ್ಟರಿಗೆ ಸ್ವಾಗತ." ಕೆಳಗೆ ಇವಳ ಹೆಸರು.

ಅವರು ಹಾಗೆ ಮಾಡಿದ್ದೇಕೆ ಎಂದು ನಾನು ಆಮೇಲೆ ಫೋನಿನಲ್ಲಿ ಕೇಳಿದೆ. ಆ ಮನುಷ್ಯನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಅಕ್ಕ, ನಮ್ಮ ಕಂಪನಿಯಲ್ಲಿ ಒಬ್ರು ಅಷ್ಟು ನೇರವಾಗಿ ಬರೀಬೇಕು ಅಂದ್ರೆ ಮೇಲಿನವರೆಲ್ಲ ಒಪ್ಪಿ ಆಗಿರ್ಲೇಬೇಕಲ್ವಾ? ದಯವಿಟ್ಟು ಅಂತಾನೂ ಇರ್ಲಿಲ್ಲ. ಎಲ್ಲಾ ಮುಗಿದಿದೆ ಅಂದ್ಕೊಂಡೆ," ಎಂದರು. ಅವರದ್ದೂ ತಪ್ಪೆನ್ನಲಾಗದು. ಸುತ್ತಿ ಬಳಸಿ ಮಾತಾಡುವವರ ನಡುವೆ ಬಾಳಿ ಬಾಳಿ ಅವರಿಗೆ ಬೇಡಿಕೆ ಯಾವುದು, ತೀರ್ಮಾನ ಯಾವುದು ಎಂಬ ಗುರುತೇ ಅಳಿಸಿಹೋಗಿತ್ತು.

ಆ ಹೊತ್ತಿಗೆ ನೋಡೋಣ ಸಾಹೇಬರು ಒಳಕೋಣೆಯಲ್ಲಿ ಗಿರಾಕಿಯೊಬ್ಬರ ಜೊತೆ ಮಾತಾಡುತ್ತಿದ್ದರು. ಅವರಿಗೇನೂ ಗೊತ್ತಿಲ್ಲ. ಆದರೆ ಅವರ ಹೆಸರಿನ ಉತ್ತರ ಎಲ್ಲರಿಗಿಂತ ಮೊದಲು ಹೋಯಿತು. ಸಂಪೂರ್ಣ ಬೆಂಬಲವಿದೆ, ಸಂತೋಷದಿಂದ ಮಾಡಿಕೊಡುತ್ತೇನೆ. ನನ್ನ ವಾಕ್ಯ ನನ್ನನ್ನೇ ನೋಡಿ ಕಣ್ಣು ಹೊಡೆದ ಹಾಗಾಯಿತು.

ಆಮೇಲೆ ಶುರುವಾಯಿತು ನೋಡಿ. ಲೆಕ್ಕ ವಿಭಾಗದವರು ಅಭಿನಂದಿಸಿದರು. ಭದ್ರತೆಯವರು ಅಭಿನಂದಿಸಿದರು. ಓದದ ಒಬ್ಬ ಮಹಾಶಯ "ಮಗು ಯಾರ ಹಾಗಿದೆ?" ಎಂದು ಕೇಳಿದ. ಇನ್ನೊಬ್ಬ ದಾಂಪತ್ಯ ಸುಖವಾಗಿರಲಿ ಎಂದು ಹರಸಿದ. ಎಲ್ಲಕ್ಕೂ ಮೇಲೆ ಕಂಪನಿಯ ಒಡೆಯರೇ, ವರ್ಷಕ್ಕೊಮ್ಮೆಯೂ ಕಾಣಿಸದ ಮಹಾನುಭಾವರು, ಎಲ್ಲರಿಗೂ ಬರೆದರು: "ಒಳ್ಳೆಯ ಕೆಲಸಗಾರರನ್ನು ಕಟ್ಟಿಹಾಕದೆ ಸಂತೋಷದಿಂದ ಕಳಿಸಿಕೊಡುವ ಇಂಥ ಮ್ಯಾನೇಜರುಗಳೇ ನಮ್ಮ ಸಂಸ್ಕೃತಿ." ನಗುಮೊಗದ ಹೆಣ್ಣುಮಗಳು ಆ ಮಾತನ್ನು ಲಿಫ್ಟಿನ ಪಕ್ಕದ ಪರದೆಗೆ ಏರಿಸಿದಳು, ಜೊತೆಗೆ ಸಾಹೇಬರ ಫೋಟೋ.

ಇಷ್ಟೆಲ್ಲ ಸಂಭ್ರಮದ ನಡುವೆ ನಮ್ಮ ಟೆಸ್ಟರ್ ಮಾತ್ರ ಬಿಳಿಚಿಕೊಂಡು ನನ್ನ ಪಕ್ಕ ಬಂದು ಕೂತಳು.

"ಅಕ್ಕ, ಇದು ನಿಜ ಅಲ್ಲ."

"ಈಗ ನಿಜ ಆಯ್ತಲ್ಲ. ಒಡೆಯರೇ ಬರೆದಿದಾರೆ. ಇನ್ನು ಯಾರು ಇಲ್ಲ ಅಂತಾರೆ? ಬಾಯಿ ಮುಚ್ಕೊಂಡು ಸಾಮಾನು ಕಟ್ಟು."

ಅವಳು ತಲೆ ಅಲ್ಲಾಡಿಸಿದಳು. "ಆ ಉತ್ತರ ಕಳಿಸಿದ್ದು ಯಂತ್ರ. ಅದನ್ನ ಹಾಕಿದ್ದು ನಾನು. ನಾಳೆ ಸಾಹೇಬ್ರು ಮೆಲ್ಲಗೆ ಏನೋ ಒಂದು ಬರೆದು ಮುಂದಕ್ಕೆ ಹಾಕಿದ್ರೆ? ಅವರ ಬಾಯಿಂದ ಹೌದು ಅಂತ ಬರೋವರೆಗೆ ನಾನು ಮನೆಗೆ ಹೇಳಲ್ಲ. ಮಗೂಗೆ ಇನ್ನೊಂದು ಸಲ ಆಸೆ ತೋರಿಸಿ ನೋಡೋಣ ಅನ್ನಕ್ಕೆ ನನ್ನಿಂದ ಆಗಲ್ಲ."

ತಪ್ಪು ಹುಡುಕುವುದೇ ಕಸುಬಾದವರ ಹಣೆಬರಹ ಇದು. ಎದುರಿಗೆ ಬಂದು ನಿಂತ ಅದೃಷ್ಟವನ್ನೂ ಮೂರು ಸಲ ತಟ್ಟಿ ನೋಡುತ್ತಾರೆ. ಆದರೆ ಅವಳು ಹೇಳಿದ್ದು ಸರಿ ಎಂದು ನನಗೂ ಗೊತ್ತಿತ್ತು. ಮುಂದಕ್ಕೆ ಹಾಕುವ ಮೇಲ್ ಬರೆಯುವುದು ಎಷ್ಟು ಸುಲಭ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಒಳಕೋಣೆಯ ಬಾಗಿಲು ತೆರೆಯಿತು. ಹೊರಗೆ ಬಂದ ಸಾಹೇಬರ ಕೈಯನ್ನು ಒಬ್ಬ ಹಿಡಿದು ಕುಲುಕಿದ. ಇನ್ನೊಬ್ಬ, "ಸರ್, ನಿಮ್ಮಂಥವರು ಬೇಕು ಸರ್," ಎಂದ. ಸಾಹೇಬರು ಏನೂ ಅರ್ಥವಾಗದೆ ನಕ್ಕು, ಮೇಜಿಗೆ ಹೋಗಿ ಪರದೆ ನೋಡಿದರು. ಆ ನಗು ಮುಖದ ಮೇಲೇ ಒಣಗಿತು. ಸ್ವಲ್ಪ ಹೊತ್ತಿನಲ್ಲಿ ನನ್ನ ಮೇಜಿನ ಬಳಿ ನೆರಳಾಯಿತು. ಟೆಸ್ಟರ್ ಅಷ್ಟರಲ್ಲಿ ಕಾಫಿ ಯಂತ್ರದ ಕಡೆಗೆ ಜಾರಿಕೊಂಡಿದ್ದಳು.

"ಅಕ್ಕ, ಒಂದು ಮೇಲ್ ಬರೀಬೇಕಿತ್ತು."

"ಕೂತ್ಕೊಳ್ಳಿ ಸರ್. ಏನಂತ?"

"ಹೀಗೆ... ಆಗಿದ್ದು ಸಂತೋಷ. ಆದ್ರೆ ಇನ್ನೂ ಆಗಿಲ್ಲ. ಆಗಲ್ಲ ಅಂತಲ್ಲ. ಆ ಥರ."

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಬಂದಿದ್ದರು ಪಾಪ. ನಾನು ಕೀಲಿಮಣೆಯನ್ನು ಮುಟ್ಟಲಿಲ್ಲ. "ಪದ್ಧತಿ ನಿಮಗೂ ಗೊತ್ತಲ್ಲ ಸರ್. ಮೊದಲು ಬಾಯಲ್ಲಿ ಹೇಳಿ. ನಿಮಗೆ ನಿಜವಾಗಿ ಏನು ಹೇಳಬೇಕಾಗಿದೆ?"

"ಅದೇ, ಸದ್ಯದ ಪರಿಸ್ಥಿತಿಯಲ್ಲಿ ಎಲ್ಲಾ ಅಂಶಗಳನ್ನ..."

"ಸರ್, ಅದು ನಾನು ಬರೆಯೋದು. ನೀವು ನಿಮ್ಮ ಮಾತು ಹೇಳಿ."

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಆಮೇಲೆ, ನನ್ನನ್ನು ನೋಡದೆ, ಮೇಜಿನ ಮೇಲಿದ್ದ ಪೆನ್ನಿಗೆ ಹೇಳುವವರಂತೆ ಹೇಳಿದರು.

"ಹೆದರಿಕೆ ಆಗುತ್ತೆ ಅಕ್ಕ. ಹೋದ ವರ್ಷ ಆಕೆ ಒಂದು ವಾರ ರಜೆ ಹಾಕಿದ್ರು, ನೆನಪಿದೆಯಾ? ಒಂದೇ ಸೀಟು ಮೂರು ಜನಕ್ಕೆ ಮಾರಾಟ ಆಯ್ತು. ಆ ಮೂವರೂ ಬಂದು ಬಸ್ಸಲ್ಲಿ ಒಬ್ಬರ ಮೇಲೊಬ್ಬರು ಕೂತ್ರು. ಬೈಸಿಕೊಂಡಿದ್ದು ನಾನು. ಆಕೆ ಇದ್ರೆ ನನಗೆ ನಿದ್ದೆ ಬರುತ್ತೆ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ, ಆಕೆಗೆ ಮಗು ಇದೆ. ಹೌದು ಅನ್ನೋಕೆ ಧೈರ್ಯ ಬರಲಿಲ್ಲ. ಅದಕ್ಕೇ ನೋಡೋಣ, ನೋಡೋಣ ಅಂದೆ."

ನಾನು ಅವರಿಗೆ ಬೈಯಬೇಕೆಂದು ಸೋಮವಾರದಿಂದ ಮಾತು ಕೂಡಿಟ್ಟುಕೊಂಡಿದ್ದೆ. ಅರ್ಧ ಮರೆತುಹೋಯಿತು. ಉಳಿದರ್ಧ ಹೇಳಿದೆ.

"ನಿಮ್ಮ ನೋಡೋಣ ಎಲ್ಲಿಗೆ ಹೋಗಿ ಮುಟ್ಟಿದೆ ಗೊತ್ತಾ ಸರ್? ಆ ಊರಲ್ಲಿರೋ ನಾಲ್ಕು ವರ್ಷದ ಕೂಸಿನ ಬಾಯಿಗೆ. ಅಮ್ಮ ಬರ್ತೀನಿ ಅಂದ್ರೆ, ಕಾಯ್ತೀಯಾ ಅಂದ್ರೆ, ನೋಡೋಣ ಅಂತಂತೆ."

ಸಾಹೇಬರು ಕನ್ನಡಕ ಹಾಕಿಕೊಳ್ಳುವುದನ್ನು ಮರೆತು ಕೂತರು. ಎದುರಿನ ಪರದೆಯಲ್ಲಿ ಅಭಿನಂದನೆಗಳು ಒಂದರ ಮೇಲೊಂದು ಬೀಳುತ್ತಲೇ ಇದ್ದವು.

"ಏನು ಬರೆಯೋಣ ಅಕ್ಕ?" ಎಂದರು ಕೊನೆಗೆ.

"ಏನೂ ಬೇಡ. ಈಗ ನನಗೆ ಹೇಳಿದ್ರಲ್ಲ, ಅದನ್ನೇ ಹೋಗಿ ಅವಳಿಗೆ ಹೇಳಿ. ಹೆದರಿಕೆ ಇದೆ ಅಂತಾನೂ ಹೇಳಿ. ಆಮೇಲೆ ಹೌದು ಅನ್ನಿ, ಇಲ್ಲಾ ಇಲ್ಲ ಅನ್ನಿ. ಯಾವುದಾದ್ರೂ ಒಂದು."

"ಬಾಯಲ್ಲೇ?"

"ಬಾಯಲ್ಲೇ ಸರ್. ಇಲ್ಲಿಂದ ಅಲ್ಲಿಗೆ ಹನ್ನೆರಡು ಹೆಜ್ಜೆಯೂ ಇಲ್ಲ."

ಅವರು ಎದ್ದರು. ಕುರ್ಚಿಯ ಬೆನ್ನು ಹಿಡಿದು ಒಂದು ಕ್ಷಣ ನಿಂತರು. ದಾರಿ ತಪ್ಪಿಸಿಕೊಂಡು ಮತ್ತೆ ಕೋಣೆಗೆ ಹೋಗಿಬಿಡುತ್ತಾರೇನೋ ಎಂದು ನಾನೂ ಹಿಂದೆಯೇ ಹೋದೆ. ಕುತೂಹಲ ಇರಲಿಲ್ಲ ಎಂದರೆ ನಾಲಿಗೆ ಸೀಳೀತು.

ಕಾಫಿ ಯಂತ್ರದ ಪಕ್ಕದ ಕಿಟಕಿಯಲ್ಲಿ ಅವಳು ಖಾಲಿ ಲೋಟ ಹಿಡಿದು ನಿಂತಿದ್ದಳು. ಸಾಹೇಬರನ್ನು ಕಂಡು ಲೋಟ ಕೆಳಗಿಟ್ಟಳು. ಅವರು ಗಂಟಲು ಸರಿಮಾಡಿಕೊಂಡು ಎರಡು ಸಲ ಶುರು ಮಾಡಿ, ಎರಡು ಸಲ ನಿಲ್ಲಿಸಿದರು.

"ನೀವು ಹೋಗೋದು ನನಗೆ ಇಷ್ಟ ಇಲ್ಲ," ಎಂದರು ಮೂರನೆಯ ಸಲ. ಅವಳ ಮುಖ ಬಾಡಿತು. ನಾನು ಹಿಂದಿನಿಂದ ಕೆಮ್ಮಿದೆ.

"ಅಂದ್ರೆ, ನೀವಿಲ್ಲದೆ ನನಗೆ ಕಷ್ಟ ಆಗುತ್ತೆ. ಹೆದರಿಕೆ. ಅದಕ್ಕೇ ಇಷ್ಟು ದಿನ ಎಳೆದೆ. ಅದು ತಪ್ಪು. ಮೇಲ್ ಹೇಗೆ ಹೋಯ್ತೋ ಹೋಯ್ತು, ಅದು ಬಿಡಿ. ಈಗ ನಾನು ಹೇಳ್ತಾ ಇದೀನಿ. ಹೋಗಿ. ಹೋಗೋ ಮುಂಚೆ ಆ ಸೀಟಿನ ವಿಷಯ ಇನ್ನೊಬ್ಬರಿಗೆ ಕಲಿಸಿಕೊಡಿ, ಅಷ್ಟು ಸಾಕು."

"ಹೌದಾ ಸರ್?"

ಅವರ ತುಟಿಯ ಮೇಲೆ ಹಳೆಯ ಮಾತು ಬಂದು ಕೂತದ್ದು ನನಗೆ ಕಾಣಿಸಿತು. ಅದನ್ನು ನುಂಗಿದರು. "ಹೌದು," ಎಂದರು. ಹೇಳಿದ ಮೇಲೆ ಕಟ್ಟಡ ಬೀಳಲಿಲ್ಲವಲ್ಲ ಎಂಬಂತೆ ಸುತ್ತ ನೋಡಿದರು.

ಅವಳು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಮೊದಲು ಫೋನ್ ತೆಗೆದಳು. ಅವಸರದಲ್ಲಿ ಸ್ಪೀಕರನ್ನೂ ಒತ್ತಿಬಿಟ್ಟಳು, ಆ ಕಡೆಯ ದನಿ ನಮಗೆಲ್ಲ ಕೇಳಿಸುವಷ್ಟು ಜೋರಾಗಿ ಬಂತು. ಅಜ್ಜಿ ಎತ್ತಿಕೊಂಡರು, ಅಜ್ಜಿಯ ಕೈಯಿಂದ ಮಗು ಕಿತ್ತುಕೊಂಡಿತು. ಸಾಹೇಬರು ಹೋಗುವುದೋ ನಿಲ್ಲುವುದೋ ತಿಳಿಯದೆ ಕಾಫಿ ಯಂತ್ರವನ್ನೇ ಪರೀಕ್ಷಿಸುತ್ತಾ ನಿಂತರು.

"ಪುಟ್ಟಿ, ಅಮ್ಮ ಕಣೇ. ಮುಂದಿನ ತಿಂಗಳಿಂದ ಅಮ್ಮ ಅಲ್ಲೇ ಇರ್ತೀನಿ. ದಿನಾ. ನಾನೇ ನಿನ್ನ ಸ್ಕೂಲಿಗೆ ಬಿಡ್ತೀನಿ, ನಾನೇ ಕರ್ಕೊಂಡು ಬರ್ತೀನಿ."

ಆ ಕಡೆ ಯಾವುದೋ ಗೊಂಬೆ ನೆಲಕ್ಕೆ ಬಿದ್ದ ಶಬ್ದ ಬಂತು. ಆಮೇಲೆ ಮಗು ಬಹಳ ಎಚ್ಚರಿಕೆಯಿಂದ, ಅಂಗಡಿಯಲ್ಲಿ ಮೋಸಹೋದ ಗಿರಾಕಿಯ ದನಿಯಲ್ಲಿ ಕೇಳಿತು.

"ಇದು ಹೌದಾ, ಇಲ್ಲಾ ನೋಡೋಣನಾ?"

ಅವಳು ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಮಗು ಆ ಕಡೆ ಕಾಯುತ್ತಿತ್ತು. ಒಂದು ಕ್ಷಣ, ಎರಡು ಕ್ಷಣ, ಇನ್ನೊಂದು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಅದಕ್ಕೆ ತನ್ನ ಉತ್ತರ ಸಿಕ್ಕಿಬಿಡುತ್ತಿತ್ತು. ನಾನು ಮುಂದೆ ಹೆಜ್ಜೆ ಇಡುವಷ್ಟರಲ್ಲಿ ಸಾಹೇಬರು ಕಾಫಿ ಯಂತ್ರ ಬಿಟ್ಟು ಫೋನಿನ ಕಡೆಗೆ ಬಾಗಿದರು.

"ಹೌದು ಪುಟ್ಟಿ," ಎಂದರು. "ಹೌದು."

ಇಷ್ಟು ವರ್ಷ ಅವರ ಮಾತನ್ನೆಲ್ಲ ತಿದ್ದಿದವಳು ನಾನು. ಅದರಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ.